ಒಳ್ಳೆ ಸಿಗಾರ್ ಆರಿಸುವುದು, ಸೇದುವುದು: ಹೊಗೆಸೊಪ್ಪಿನ ಸೀಮೆಯವನೊಬ್ಬನ ಮಾತು

ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಹೊಗೆಸೊಪ್ಪು ಅಂದರೆ ಎಲೆ ಬೇಯಿಸುವ ಬ್ಯಾರನ್, ಸೌದೆ, ಹರಾಜು ಮಾರುಕಟ್ಟೆ. ನಾನೂ ಆ ಮಣ್ಣಿನವನೇ. ಈಗ ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಊರಿನ ಒಂದು ಸಿಗಾರ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. 1885ರಲ್ಲಿ ವಿಸೆಂತೆ ಮಾರ್ಟಿನೆಸ್ ಈಬೋರ್ ಎಂಬ ಸಿಗಾರ್ ವ್ಯಾಪಾರಿ ಇಲ್ಲಿ ಕಾರ್ಖಾನೆ ಕಟ್ಟಲು ಜಾಗ ಕೊಂಡ. ಅಲ್ಲಿಂದ ಮುಂದೆ ಈ ಊರು ಬೆಳೆದದ್ದು ಕ್ಯೂಬಾದ ಹವಾನಾದಿಂದ ಹಡಗಿನಲ್ಲಿ ಬರುತ್ತಿದ್ದ ಎಲೆಯನ್ನು ನಂಬಿಕೊಂಡು. ಆ ಕಾಲದ ಕಾರ್ಖಾನೆಗಳಲ್ಲಿ ಬಹುಪಾಲು ಈಗ ಮುಚ್ಚಿವೆ. 1910ರಲ್ಲಿ ಕಟ್ಟಿದ, ಗಡಿಯಾರದ ಗೋಪುರವಿರುವ ಒಂದು ಇಟ್ಟಿಗೆ ಕಟ್ಟಡದಲ್ಲಿ ನ್ಯೂಮನ್ ಮನೆತನದವರು ಇವತ್ತಿಗೂ ಸಿಗಾರ್ ಮಾಡುತ್ತಿದ್ದಾರೆ.

ಕೌಂಟರಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಮಗಳ ಮನೆಗೋ ಮಗನ ಮನೆಗೋ ಬಂದ ಹಿರಿಯರು, ಇಲ್ಲವೇ ಬಡ್ತಿ ಸಿಕ್ಕ ಖುಷಿಯಲ್ಲಿರುವ ಸಾಫ್ಟ್‌ವೇರ್ ಹುಡುಗರು. “ಅಣ್ಣಾ, ಇದ್ದಿದ್ರಲ್ಲಿ ಬೆಸ್ಟ್ ಯಾವ್ದು, ಅದನ್ನೇ ಕೊಡಿ” ಅನ್ನುತ್ತಾರೆ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. “ಊಟ ಆಯ್ತಾ? ಎಷ್ಟು ಹೊತ್ತು ಕೂರ್ತೀರಿ? ಕಾಫಿ ಹೇಗೆ ಕುಡೀತೀರಿ, ಹಾಲು ಹೆಚ್ಚಾ, ಡಿಕಾಕ್ಷನ್ ಹೆಚ್ಚಾ?” ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದ ಹಾಗೆ. ಬೆಲೆ, ಹೆಸರು, ಸಿಗಾರಿಗೆ ಸುತ್ತಿದ ಹೊಳೆಯುವ ಕಾಗದದ ಬ್ಯಾಂಡು ಎಲ್ಲ ಆಮೇಲಿನ ಮಾತು. ಸಿಗಾರಿನ ಗುಣ ಅದರ ಎಲೆಯಲ್ಲಿರುತ್ತದೆ, ಎಲೆಯನ್ನು ಕೈಯಲ್ಲೂ ನಾಲಿಗೆಯಲ್ಲೂ ಓದಲು ಯಾರು ಬೇಕಾದರೂ ಕಲಿಯಬಹುದು.

ಅದಕ್ಕೆ ಮೊದಲು ಒಂದು ವಿಷಯ ನೇರವಾಗಿ ಹೇಳಬೇಕು. ಸೇದುವ ಅಭ್ಯಾಸವಿಲ್ಲದವರು ಇದನ್ನು ಓದಿ ಶುರು ಮಾಡಬೇಡಿ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ದುಬಾರಿ ಎಲೆ ಅಂದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ಹೊಗೆಸೊಪ್ಪಿನ ಕಸುವು ನಾನು ಕಂಡದ್ದು ಅಂಗಡಿಗೆ ಬರುವುದಕ್ಕೆ ಎಷ್ಟೋ ಮುಂಚೆ. ಇಬ್ಬನಿಯಲ್ಲಿ ಒದ್ದೆಯಾದ ಎಲೆ ಮುರಿದು ಬಂದ ದಿನ ಅಮ್ಮ ತಲೆಸುತ್ತಿ ಜಗಲಿಯ ಮೇಲೆ ಮಲಗಿಬಿಡುತ್ತಿದ್ದಳು, ವಾಂತಿಯಾಗುತ್ತಿತ್ತು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಸೇದುವವರು ಅಪರೂಪಕ್ಕೆ, ತಿಳಿದು, ಮಕ್ಕಳು ಬಸುರಿಯರು ಇಲ್ಲದ ಕಡೆ ಕೂತು ಸೇದಲಿ. ಮುಂದಿನ ಮಾತೆಲ್ಲ ಅಂಥವರಿಗೆ.

ಸಿಗಾರಿನ ಒಳಗೆ ಏನಿರುತ್ತದೆ

ಸಿಗಾರಿಗೆ ಮೂರು ಪದರ. ಒಳಗಿನ ತಿರುಳು ಫಿಲ್ಲರ್, ಅದನ್ನು ಬಿಗಿಯಾಗಿ ಹಿಡಿಯುವ ಎಲೆ ಬೈಂಡರ್, ಮೇಲೆ ಸುತ್ತುವ ಅಂದದ ಎಲೆ ರ‍್ಯಾಪರ್. ಪ್ರೀಮಿಯಂ ಎಂದು ನಾವು ಕರೆಯುವ ಸಿಗಾರ್ ಕೈಯಲ್ಲಿ ಸುತ್ತಿದ್ದಾಗಿರಬೇಕು, ಮೂರೂ ಪದರ ಬರೀ ಹೊಗೆಸೊಪ್ಪಾಗಿರಬೇಕು, ಫಿಲ್ಲರಿನ ಎಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾಯ್ದಿರಬೇಕು. ಇದಕ್ಕೆ ಲಾಂಗ್ ಫಿಲ್ಲರ್ ಎನ್ನುತ್ತಾರೆ. ಎಲೆಯ ಚೂರು ತುಂಬಿ ಮಾಡಿದ್ದು ಶಾರ್ಟ್ ಫಿಲ್ಲರ್. ಅದು ಬೇಗ ಕಾಯುತ್ತದೆ, ಬಾಯಿಗೆ ಚೂರು ಬರುತ್ತದೆ.

ಫಿಲ್ಲರಿನ ವಿಚಾರ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಎಲೆ ಮುರಿಯುವುದು ಬುಡದಿಂದ ಮೇಲಕ್ಕೆ, ವಾರ ಬಿಟ್ಟು ವಾರ. ಕ್ಯೂಬಾದಲ್ಲೂ ಬುಡದಿಂದಲೇ ಶುರು. ಬುಡದ ತೆಳು ಎಲೆ ವೊಲಾಡೊ. ರುಚಿ ಕಡಿಮೆ, ಉರಿ ಚೆನ್ನಾಗಿರುತ್ತದೆ. ನಡುವಿನದು ಸೆಕೊ, ಪರಿಮಳವೆಲ್ಲ ಅದರದು. ತುದಿಯಲ್ಲಿ ಬಿಸಿಲುಂಡು ದಪ್ಪವಾದ, ಅಂಟಂಟಾದ ಎಲೆ ಲಿಹೇರೊ. ಖಾರ, ಕಸುವು ಅದರಲ್ಲಿ. ಅದು ಉರಿಯುವುದು ನಿಧಾನ, ಹಾಗಾಗಿ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಪಕ್ಕಕ್ಕೆ ಜಾರಿದರೆ ಸಿಗಾರ್ ಒಂದು ಕಡೆ ಉರಿದು ಇನ್ನೊಂದು ಕಡೆ ನಿಂತುಬಿಡುತ್ತದೆ.

ಆದರೆ ಹದ ಮಾಡುವ ರೀತಿ ಬೇರೆ, ಮತ್ತು ಅದೇ ಮುಖ್ಯ. ನಮ್ಮ ವರ್ಜೀನಿಯಾ ಎಲೆಯನ್ನು ಬ್ಯಾರನ್ನಿನಲ್ಲಿ ಸೌದೆಯ ಬಿಸಿ ಕೊಟ್ಟು ಒಂದು ವಾರದೊಳಗೆ ಬೇಯಿಸುತ್ತೇವೆ. ಹಳದಿ ನಿಲ್ಲುತ್ತದೆ, ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ, ಅದು ಸಿಗರೇಟಿಗೆ ಹೋಗುತ್ತದೆ. ಸಿಗಾರ್ ಎಲೆಯನ್ನು ಮರದ ಕೊಟ್ಟಿಗೆಯಲ್ಲಿ ಗಾಳಿಗೆ ತೂಗುಹಾಕಿ ವಾರಗಟ್ಟಲೆ ಒಣಗಿಸುತ್ತಾರೆ. ಸಕ್ಕರೆ ಕರಗಿಹೋಗಿ ಎಲೆ ಕಂದಾಗುತ್ತದೆ. ಆಮೇಲೆ ಒದ್ದೆ ಮಾಡಿ ಆಳೆತ್ತರದ ರಾಶಿ ಒಟ್ಟುತ್ತಾರೆ, ಇದಕ್ಕೆ ಪಿಲೋನ್ ಎಂದು ಹೆಸರು. ರಾಶಿ ತನ್ನಷ್ಟಕ್ಕೆ ಕಾಯುತ್ತದೆ. ಒಳಗಿನ ಬಿಸಿ ಸಾಮಾನ್ಯವಾಗಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಬಿಚ್ಚಿ, ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವ ಹಾಗೆ ಮತ್ತೆ ಒಟ್ಟುತ್ತಾರೆ. ಈ ಹುದುಗಿನಲ್ಲಿ ಅಮೋನಿಯಾ ಹೊರಟುಹೋಗಿ ಎಲೆಯ ಒರಟುತನ ಕಳೆಯುತ್ತದೆ. ಅವಸರ ಮಾಡಿದ ಸಿಗಾರ್ ಹಚ್ಚಿದಾಗ ಮೂಗಿಗೆ ಚುಚ್ಚುವುದು ಅಲ್ಲಿ ಉಳಿದ ಅಮೋನಿಯಾ.

ಸಿಗಾರಿನ ಹೊಗೆಯನ್ನು ಎದೆಗೆ ಎಳೆಯಬಾರದು ಅನ್ನುವುದಕ್ಕೂ ಕಾರಣ ಇದರಲ್ಲೇ ಸಿಗುತ್ತದೆ. ಸಕ್ಕರೆ ಉಳಿದ ಎಲೆಯಾದ್ದರಿಂದ ಸಿಗರೇಟಿನ ಹೊಗೆ ಆಮ್ಲೀಯ, ಅದರ ನಿಕೋಟಿನ್ ಹೆಚ್ಚಾಗಿ ಶ್ವಾಸಕೋಶದಿಂದ ರಕ್ತ ಸೇರುತ್ತದೆ. ಸಕ್ಕರೆ ಕಳೆದ ಸಿಗಾರ್ ಎಲೆಯ ಹೊಗೆ ಕ್ಷಾರೀಯ, ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ಇಳಿದುಬಿಡುತ್ತದೆ. ಸಿಗರೇಟಿನ ರೂಢಿಯವರು ಅಭ್ಯಾಸಬಲದಿಂದ ಒಳಗೆ ಎಳೆದು, ಹತ್ತು ನಿಮಿಷದಲ್ಲಿ ಬೆವರಿ, ಬಿಳುಚಿಕೊಂಡು ಕೂರುವುದನ್ನು ಅಂಗಡಿಯಲ್ಲಿ ನೋಡುತ್ತಿರುತ್ತೇನೆ. ಹೊಗೆ ಬಾಯಲ್ಲೇ ಇರಲಿ, ಅಲ್ಲಿಂದಲೇ ಹೊರಗೆ ಹೋಗಲಿ.

ಬಣ್ಣ ನೋಡಿ ಮೋಸಹೋಗಬೇಡಿ

ಕಪ್ಪಗಿದ್ದರೆ ಕಡಕ್, ತಿಳಿಯಾಗಿದ್ದರೆ ಸಪ್ಪೆ ಎಂದು ಬಹಳ ಜನ ನಂಬಿದ್ದಾರೆ. ಇದನ್ನು ಬಿಟ್ಟುಬಿಡಿ. ಮದೂರೊ ಎಂದು ಕರೆಯುವ ಕಡುಗಂದು ರ‍್ಯಾಪರಿಗೆ ಆ ಬಣ್ಣ ಬರುವುದು ದಪ್ಪ ಎಲೆಯನ್ನು ಹೆಚ್ಚು ಬಿಸಿಯಲ್ಲಿ, ಹೆಚ್ಚು ದಿನ ಹುದುಗಿಸಿದ್ದರಿಂದ. ಅದರಿಂದ ಬರುವುದು ಸಿಹಿ ಕಡೆಗೆ ತಿರುಗುವ ರುಚಿ, ಕೋಕೋ, ಸುಟ್ಟ ಬೆಲ್ಲದ ವಾಸನೆ. ಕಡಕ್‌ತನ ಒಳಗೆ ಎಷ್ಟು ಲಿಹೇರೊ ಹಾಕಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಅಂಗಡಿಯಲ್ಲಿ ಹೆಚ್ಚಾಗಿ ಕಾಣುವ ರ‍್ಯಾಪರುಗಳನ್ನು ಮಾತ್ರ ಹೇಳುತ್ತೇನೆ. ಕನೆಕ್ಟಿಕಟ್ ಶೇಡ್ ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆದ ತೆಳು ಎಲೆ. ತಿಳಿಗಂದು, ಬೆಣ್ಣೆ, ಒಣಹುಲ್ಲಿನ ಸೌಮ್ಯ ರುಚಿ. ಇದೇ ತಳಿಯನ್ನು ಈಕ್ವೆಡಾರಿನಲ್ಲಿ ಚಪ್ಪರವಿಲ್ಲದೆ ಬೆಳೆಯುತ್ತಾರೆ, ಅಲ್ಲಿ ಮೋಡವೇ ನೆರಳು ಕೊಡುತ್ತದೆ. ಕ್ಯಾಮರೂನ್ ಎಲೆಯ ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆ, ಬೆರಳಾಡಿಸಿದರೆ ತರಿತರಿ. ರುಚಿಯಲ್ಲಿ ಹದವಾದ ಸಿಹಿ, ಜೊತೆಗೆ ಬಿಳಿ ಮೆಣಸಿನ ಚುರುಕು. ಮೆಕ್ಸಿಕೊದ ಸ್ಯಾನ್ ಆಂಡ್ರೆಸ್ ಕಣಿವೆಯ ಎಲೆ ಮದೂರೊಗೆ ಹೇಳಿಮಾಡಿಸಿದ್ದು, ಮಣ್ಣಿನ ವಾಸನೆ ಎದ್ದು ಬರುತ್ತದೆ. ನಿಕರಾಗುವಾದ ಎಸ್ತೆಲಿ, ಹಲಾಪಾ ಕಡೆಯ ಎಲೆಗಳಲ್ಲಿ ಎಸ್ತೆಲಿಯದು ಖಾರ, ಹಲಾಪಾದ್ದು ನಯ. ಎಸ್ತೆಲಿಯ ಮಣ್ಣು ಕಪ್ಪು, ಜ್ವಾಲಾಮುಖಿ ನೆಲ. ನನ್ನ ಮಟ್ಟಿಗೆ ಇವತ್ತು ದುಡ್ಡಿಗೆ ತಕ್ಕ ರುಚಿ ಕೊಡುವ ದೇಶ ನಿಕರಾಗುವಾವೇ.

ಗಾತ್ರ ಅಂದರೆ ಹೊತ್ತು

ಸಿಗಾರಿನ ಉದ್ದ ಅಂಗುಲದಲ್ಲಿ, ದಪ್ಪ ರಿಂಗ್ ಗೇಜಿನಲ್ಲಿ. ಒಂದು ಅಂಗುಲಕ್ಕೆ 64 ಗೇಜು. 50 ಗೇಜು ಅಂದರೆ ಅಡ್ಡಳತೆ ಮುಕ್ಕಾಲು ಅಂಗುಲಕ್ಕಿಂತ ಒಂದಿಷ್ಟು ಹೆಚ್ಚು. 5 ಅಂಗುಲ, 50 ಗೇಜಿನ ರೊಬಸ್ಟೊಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. 42 ಗೇಜಿನ ಪೆಟೀಟ್ ಕರೋನಾ ಅರ್ಧ ಗಂಟೆ ದಾಟಿದರೆ ಮುಗಿಯಿತು. 7 ಅಂಗುಲದ ಚರ್ಚಿಲ್ ಹಚ್ಚಿದರೆ ಒಂದೂವರೆ ಗಂಟೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಆ ಹೆಸರಿನ ವಿನ್‌ಸ್ಟನ್ ಚರ್ಚಿಲ್ ನಮ್ಮ ಪಕ್ಕದ ತಿರುಚಿರಾಪಳ್ಳಿಯ ಚುಟ್ಟಾವನ್ನೂ ಇಷ್ಟಪಡುತ್ತಿದ್ದರೆಂದು ತಮಿಳುನಾಡಿನವರು ಅಭಿಮಾನದಿಂದ ಹೇಳುತ್ತಾರೆ.

ತೆಳು ಸಿಗಾರಿನಲ್ಲಿ ಫಿಲ್ಲರಿಗೆ ಹೋಲಿಸಿದರೆ ರ‍್ಯಾಪರಿನ ಪಾಲು ಹೆಚ್ಚು, ಅದರ ರುಚಿ ಮುಂದೆ ಬರುತ್ತದೆ. ಆದರೆ ಬೇಗ ಬಿಸಿಯಾಗುತ್ತದೆ, ನಿಧಾನ ಗೊತ್ತಿರಬೇಕು. ಕಲಿಯುವವರಿಗೆ ರೊಬಸ್ಟೊ ಹೇಳುತ್ತೇನೆ. ಈಗೀಗ 60 ಗೇಜಿನ ದಿಮ್ಮಿಗಳಿಗೆ ಬೇಡಿಕೆ ಜಾಸ್ತಿ. ಮಾರುತ್ತೇನೆ, ಆದರೆ ರುಚಿ ತಿಳಿಯಬೇಕೆಂದು ಕೇಳಿದವರಿಗೆ ಅದನ್ನು ಎಂದೂ ಕೊಡುವುದಿಲ್ಲ. ಬಾಯಿ ಅಷ್ಟಗಲ ತೆರೆದುಕೊಂಡು ರುಚಿ ಹಿಡಿಯುವುದು ಕಷ್ಟ.

ಕೈಯಲ್ಲಿ ಹಿಡಿದು ನೋಡುವುದು

ಸಿಗಾರಿನ ತೇವ ಕಾಯ್ದಿಡುವ ಹ್ಯೂಮಿಡಾರ್ ಕೋಣೆಗೆ ಬಂದವರಿಗೆ ನಾನು ಕಲಿಸುವುದು ಇದನ್ನು. ಪೆಟ್ಟಿಗೆಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ರ‍್ಯಾಪರಿನ ಮೇಲೆ ಮಂದವಾದ ಎಣ್ಣೆಯ ಹೊಳಪು ಇರಬೇಕು. ಪೂರಾ ಮಂಕಾಗಿದ್ದರೆ ಒಣಗಿದೆ. ನರಗಳು ಸಣ್ಣವಿದ್ದರೆ ಚಂದ, ಉಬ್ಬಿದ ದಪ್ಪ ನರ ಇದ್ದರೆ ಉರಿ ಅಲ್ಲಿ ತಡೆಯುತ್ತದೆ. ಬಿಗಿಯಾಗಿ, ಸುಕ್ಕಿಲ್ಲದೆ ಸುತ್ತಿರಬೇಕು. ತಲೆಯ, ಅಂದರೆ ಬಾಯಿಗಿಡುವ ಭಾಗದ ಟೊಪ್ಪಿ, ಅಂದರೆ ಕ್ಯಾಪ್, ನೀಟಾಗಿ ಕೂತಿರಬೇಕು. ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಆ ಪೆಟ್ಟಿಗೆಯನ್ನೇ ಮುಚ್ಚಿ ಪಕ್ಕಕ್ಕೆ ಇಡಿ, ಹೊಗೆಸೊಪ್ಪಿನ ದುಂಬಿ ಹೊರಬಂದ ದಾರಿ ಅದು.

ಈಗ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬುಡದಿಂದ, ಅಂದರೆ ಹಚ್ಚುವ ತುದಿಯಿಂದ, ತಲೆಯ ಕಡೆಗೆ ಅಂಗುಲ ಅಂಗುಲ ಒತ್ತುತ್ತ ಬನ್ನಿ. ಸಪೋಟ ಹಣ್ಣಾಗಿದೆಯೇ ಎಂದು ನೋಡುವಷ್ಟೇ ಮೆತ್ತಗೆ. ಉದ್ದಕ್ಕೂ ಒಂದೇ ಹದ ಸಿಗಬೇಕು, ಒತ್ತಿದ್ದು ತಿರುಗಿ ಎದ್ದು ಬರಬೇಕು. ನಡುವೆ ಗಂಟು ಸಿಕ್ಕಿದರೆ ಎಳೆಯುವಾಗ ಹೊಗೆ ಬರುವುದಿಲ್ಲ. ಪೊಳ್ಳು ಸಿಕ್ಕಿದರೆ ಅಲ್ಲಿ ಬಿಸಿಯಾಗಿ ಕಹಿಯಾಗುತ್ತದೆ. ಚರಚರ ಸದ್ದಾದರೆ ಒಣಗಿದೆ ಅಂತ ಅರ್ಥ. ಕಿವಿಯ ಪಕ್ಕ ಉರುಳಿಸಿ ಕೇಳುವ ಚಾಳಿ ಬೇಡ, ಅದರಿಂದ ರ‍್ಯಾಪರ್ ಬಿರಿಯುತ್ತದೆ, ಇನ್ನೇನೂ ತಿಳಿಯುವುದಿಲ್ಲ.

ಕೊನೆಗೆ ಬುಡ ತಿರುಗಿಸಿ ನೋಡಿ. ಎಲೆಗಳ ಮಡಿಕೆ ಕಾಣುತ್ತದೆ. ನಡುವೆ ಕಪ್ಪು ಮಡಿಕೆ ಕಂಡರೆ ಅದು ಲಿಹೇರೊ ಇರಬಹುದು, ಅದು ಮಧ್ಯದಲ್ಲೇ ಇದ್ದರೆ ಸುತ್ತಿದ ಕೈ ಪಳಗಿದ್ದು. ಮಡಿಕೆಗಳ ನಡುವೆ ಗಾಳಿ ಹಾಯಲು ಸಣ್ಣ ಸಂದು ಬಿಟ್ಟಿರಬೇಕು. ಮೂಗಿನ ಹತ್ತಿರ ತನ್ನಿ, ತಾಗಿಸಬೇಡಿ, ನೀವು ಕೊಳ್ಳದಿದ್ದರೆ ಅದನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಕೊಟ್ಟಿಗೆ, ಒಣಹುಲ್ಲು, ದೇವದಾರಿನ ವಾಸನೆ ಬಂದರೆ ಸರಿ. ಅಮೋನಿಯಾ ಬಂದರೆ ಇನ್ನೂ ಎಳಸು. ಬೂಷ್ಟಿನ ವಾಸನೆ ಬಂದರೆ ಬಿಡಿ.

ಯಾವುದರಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನನ್ನದೊಂದು ಸಾಲು ಇದೆ. ಹಾಲು ಹೆಚ್ಚಿನ ಕಾಫಿಯವರಿಗೆ ಕನೆಕ್ಟಿಕಟ್ ಶೇಡ್ ಸುತ್ತಿದ ಮಕನುಡೊ ಕೆಫೆ. ಅದು ಹಿಡಿಸಿದ ಮೇಲೆ ಆರ್ತುರೋ ಫ್ಯುಯೆಂತೆಯವರ ಹೆಮಿಂಗ್ವೇ ಸಾಲಿನ ಶಾರ್ಟ್ ಸ್ಟೋರಿ. ಬರೀ 4 ಅಂಗುಲ, ಎರಡೂ ತುದಿ ಮೊನಚು, ಕ್ಯಾಮರೂನ್ ರ‍್ಯಾಪರ್. ಫ್ಯುಯೆಂತೆ ಮನೆತನ 1912ರಲ್ಲಿ ಈ ಟ್ಯಾಂಪಾದಲ್ಲೇ ಶುರು ಮಾಡಿ ಈಗ ಡೊಮಿನಿಕನ್ ಗಣರಾಜ್ಯದಲ್ಲಿ ನೆಲೆಸಿದೆ. ಸ್ಟ್ರಾಂಗ್ ಡಿಕಾಕ್ಷನ್ ಇಷ್ಟಪಡುವವರಿಗೆ ನಿಕರಾಗುವಾದ ಪದ್ರೋನ್. ಹೋಯಾ ದೆ ನಿಕರಾಗುವಾ ಕಂಪನಿಯ ಅಂತಾನೊ 1970 ಮಾತ್ರ ಹೊಟ್ಟೆ ತುಂಬಾ ಉಂಡು ಬಂದ ಅನುಭವಸ್ಥರಿಗೆ. ಇಡೀ ಪೆಟ್ಟಿಗೆ ಕೊಳ್ಳಬೇಡಿ, ಬಿಡಿಬಿಡಿಯಾಗಿ ಒಂದೊಂದು ತಗೊಳ್ಳಿ. 10ರಿಂದ 15 ಡಾಲರಿಗೆ ಇಲ್ಲಿ ಬಹಳ ಒಳ್ಳೆಯ ಸಿಗಾರ್ ಸಿಗುತ್ತದೆ. ಅದಕ್ಕಿಂತ ಮೇಲೆ ಕೊಡುವ ದುಡ್ಡಿನಲ್ಲಿ ಅಪರೂಪದ ಬೆಲೆ, ವರ್ಷಗಟ್ಟಲೆ ಇಟ್ಟ ಎಲೆಯ ಬೆಲೆ ಸೇರಿರುತ್ತದೆ. ಅದನ್ನು ಗುರುತಿಸುವ ನಾಲಿಗೆ ಬಂದ ಮೇಲೆ ಕೊಟ್ಟರೆ ಸಾರ್ಥಕ.

ಕತ್ತರಿಸಿ, ಹಚ್ಚಿ, ರುಚಿ ನೋಡುವುದು

ಊಟವಾಗಿ ಅರ್ಧ ಗಂಟೆಯಾಗಿರಲಿ. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಪಕ್ಕದಲ್ಲಿ ನೀರು, ಬೇಕಿದ್ದರೆ ಸಕ್ಕರೆ ಕಡಿಮೆ ಹಾಕಿದ ಫಿಲ್ಟರ್ ಕಾಫಿ. ಮದ್ಯ ಬೇಕೆಂದವರು ರುಚಿ ತಿಳಿದ ಮೇಲೆ ಸೇರಿಸಿಕೊಳ್ಳಲಿ, ಮೊದಲ ಸಲವೇ ಎರಡೂ ಸೇರಿದರೆ ಎರಡೂ ತಿಳಿಯುವುದಿಲ್ಲ.

ಕ್ಯಾಪ್ ರ‍್ಯಾಪರಿಗೆ ಕೂಡುವ ಗೆರೆ ಕಾಣುತ್ತದೆ. ಅದರಿಂದ ಮೇಲೆ, ಎರಡು ಮಿಲಿಮೀಟರಿನಷ್ಟು ಮಾತ್ರ, ಹರಿತವಾದ ಕಟರಿನಿಂದ ಒಂದೇ ಏಟಿಗೆ ಕತ್ತರಿಸಿ. ಗೆರೆಯಿಂದ ಕೆಳಗೆ ಹೋದರೆ ಸಿಗಾರ್ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಹಾಗೇ ಒಂದು ಸಲ ಎಳೆದು ನೋಡಿ. ಗಾಳಿ ಸಲೀಸಾಗಿ, ತುಸು ತಡೆದು ಬರಬೇಕು. ಈ ಬೆಂಕಿಯಿಲ್ಲದ ದಮ್ಮಿನಲ್ಲೂ ರುಚಿ ಇರುತ್ತದೆ, ಅದನ್ನು ಗುರುತು ಹಾಕಿಕೊಳ್ಳಿ. ಬಿಸಿಯಾದ ಮೇಲೆ ಅದು ಹೇಗೆ ಬದಲಾಯಿತೆಂದು ನೋಡುವುದರಲ್ಲೇ ಅರ್ಧ ಸುಖ.

ಹಚ್ಚಲು ಬ್ಯೂಟೇನ್ ಲೈಟರ್ ಅಥವಾ ಉದ್ದನೆಯ ಬೆಂಕಿಕಡ್ಡಿ. ಕಡ್ಡಿಯಾದರೆ ತುದಿಯ ಗಂಧಕ ಉರಿದುಹೋಗುವವರೆಗೆ ಕಾಯಿರಿ. ಪೆಟ್ರೋಲ್ ಲೈಟರ್, ಮೇಣದ ಬತ್ತಿ ಬೇಡ, ಅವುಗಳ ವಾಸನೆ ಎಲೆಗೆ ಹತ್ತುತ್ತದೆ. ಬಾಯಿಗೆ ಇಡದೆ, ಬುಡವನ್ನು ಜ್ವಾಲೆಯ ಮೇಲೆ ತಾಗದ ಹಾಗೆ ಹಿಡಿದು ತಿರುಗಿಸುತ್ತಾ ಇರಿ. ಅಂಚು ಕಪ್ಪಾಗಿ ಸುತ್ತಲೂ ಕೆಂಪು ಹತ್ತಬೇಕು. ಆಮೇಲೆ ಬಾಯಿಗಿಟ್ಟು, ತಿರುಗಿಸುತ್ತಲೇ ಎರಡು ಮೂರು ಸಣ್ಣ ದಮ್ಮು. ತುದಿಯ ಮೇಲೆ ಮೆಲ್ಲಗೆ ಊದಿ ನೋಡಿ, ಎಲ್ಲ ಕಡೆ ಸಮ ಕೆಂಪಿದ್ದರೆ ಹತ್ತಿದೆ.

ಇಲ್ಲಿಂದ ಮುಂದೆ ಒಂದೇ ನಿಯಮ: ನಿಮಿಷಕ್ಕೆ ಒಂದು ದಮ್ಮು. ಅದಕ್ಕಿಂತ ಬೇಗ ಎಳೆದರೆ ಎಲೆ ಕಾದು ಕಹಿಯಾಗುತ್ತದೆ, ಆಮೇಲೆ ಬೈಗುಳ ಸಿಗಾರಿಗೆ. ಬಾಯಿ ತುಂಬಿದ ಹೊಗೆಯನ್ನು ನಾಲಿಗೆಯ ಮೇಲೆ ಎರಡು ಕ್ಷಣ ಹೊರಳಾಡಿಸಿ ಬಿಡಿ. ಐದಾರು ದಮ್ಮಿಗೊಮ್ಮೆ, ಬಾಯಿಂದ ಮುಕ್ಕಾಲು ಹೊಗೆ ಬಿಟ್ಟು, ಉಳಿದ ಸ್ವಲ್ಪವನ್ನು ಮೂಗಿನಿಂದ ಹೊರಗೆ ಬಿಡಿ. ಇದಕ್ಕೆ ರೆಟ್ರೊಹೇಲ್ ಅನ್ನುತ್ತಾರೆ. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತದೆ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿಯಂಥ ಮೂಲ ರುಚಿ ಮಾತ್ರ ತಿಳಿಯುತ್ತದೆ. ಏಲಕ್ಕಿಗೂ ಲವಂಗಕ್ಕೂ ವ್ಯತ್ಯಾಸ ಹೇಳುವುದು ಮೂಗು. ಹಾಗಾಗಿ ಮೂಗಿನ ದಾರಿ ಬಿಟ್ಟರೆ ಸಿಗಾರಿನ ಬಹುಪಾಲು ರುಚಿ ಸಿಗದೆ ಹೋಗುತ್ತದೆ.

ರುಚಿಗೆ ಹೆಸರಿಡುವಾಗ ಪರದೇಶದ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಅದರಲ್ಲಿ ಚೆಸ್ಟ್‌ನಟ್, ಗ್ರಹಾಂ ಕ್ರ್ಯಾಕರ್ ಎಂದೆಲ್ಲ ಇರುತ್ತದೆ. ನಮ್ಮ ಮೂಗಿನ ನೆನಪಿನಲ್ಲಿ ಬೇಕಾದಷ್ಟಿದೆ. ಹುರಿದ ಕಡಲೆಬೀಜ, ಕಾಫಿ ಬೀಜ ಹುರಿಯುವ ಮನೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಅಂಟಿದ ಬೆಲ್ಲ, ಮೊದಲ ಮಳೆಯ ಮಣ್ಣು, ಕುಟ್ಟಿದ ಕರಿಮೆಣಸು, ಹೊಸ ಚಪ್ಪಲಿಯ ಚರ್ಮ, ಒಣಕೊಬ್ಬರಿ, ಗಂಧದ ಕೊರಡು. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಹೆಸರು, ಗಾತ್ರ, ಕಂಡ ರುಚಿ ಬರೆದಿಡಿ. ಹೊಳೆಯದಿದ್ದರೆ ಖಾಲಿ ಬಿಡಿ, ಸುಳ್ಳು ಬರೆಯಬೇಡಿ. ಕೆಲವು ಪುಟ ತುಂಬಿದ ಮೇಲೆ ನಿಮ್ಮ ನಾಲಿಗೆ ಯಾವ ಕಡೆ ಎಳೆಯುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ. ಆಗ ಅಂಗಡಿಯವನಿಗೆ “ಬೆಸ್ಟ್ ಕೊಡಿ” ಅನ್ನುವ ಬದಲು “ಕಡಲೆಬೀಜದ ಕಡೆ ಇರಲಿ, ಮೆಣಸು ಕಡಿಮೆ ಇರಲಿ” ಎಂದು ಕೇಳಬಹುದು. ನಾನು ಖುಷಿಯಿಂದ ಅರ್ಧ ಗಂಟೆ ಹುಡುಕಿ ಕೊಡುತ್ತೇನೆ.

ಒಳ್ಳೆಯ ಸಿಗಾರ್ ಮೂರು ಪಾಲಾಗಿ ಬದಲಾಗುತ್ತದೆ. ಪದ್ರೋನ್ 1964 ಆನಿವರ್ಸರಿ, ಮದೂರೊ ಸುತ್ತಿದ್ದು, ನನಗೆ ಬಹಳ ಪ್ರಿಯವಾದದ್ದು. ಅದನ್ನೇ ಉದಾಹರಣೆಗೆ ತಗೊಳ್ಳಿ. ಹೊಸೆ ಒರ್ಲಾಂಡೊ ಪದ್ರೋನ್ ಕ್ಯೂಬಾ ಬಿಟ್ಟು ಬಂದು 1964ರಲ್ಲಿ ಮಯಾಮಿಯಲ್ಲಿ ಕಂಪನಿ ಕಟ್ಟಿದರು. ಅದರ ನೆನಪಿಗೆ 1994ರಲ್ಲಿ ಬಂದ ಸಾಲು ಇದು. ಎಲ್ಲ ಎಲೆಯೂ ನಿಕರಾಗುವಾದ್ದು, ನಾಲ್ಕು ವರ್ಷ ಇಟ್ಟು ಹದಗೊಳಿಸಿದ್ದು. ಸುತ್ತಿದ ಮೇಲೆ ಒತ್ತಿ ಚೌಕ ಮಾಡಿರುತ್ತಾರೆ, ಬೆರಳ ನಡುವೆ ಚೆನ್ನಾಗಿ ಕೂರುತ್ತದೆ. ಹಚ್ಚಿದೊಡನೆ ಕೋಕೋ, ಮೂಗಿನಲ್ಲಿ ಮೆಣಸು. ಹತ್ತು ನಿಮಿಷಕ್ಕೆ ಮೆಣಸು ಹಿಂದೆ ಸರಿಯುತ್ತದೆ. ನಡುವಿನ ಪಾಲಿನಲ್ಲಿ ಕಾಫಿ ಬೀಜ, ಹುರಿದ ಬೀಜದ ಎಣ್ಣೆ, ಹೊಗೆ ದಪ್ಪವಾಗಿ ತುಟಿಗೆ ತಾಗುವ ಹಾಗೆ ಬರುತ್ತದೆ. ಕೊನೆಯ ಪಾಲಿನಲ್ಲಿ ಮಣ್ಣು, ಕಡು ಚಾಕೊಲೇಟು, ಮೆಣಸು ಮತ್ತೆ ಎದ್ದು ಬರುತ್ತದೆ. ಇಷ್ಟೆಲ್ಲ ರುಚಿ ಬರೀ ಎಲೆಯಿಂದ, ಹೊರಗಿನಿಂದ ಯಾವ ಸೆಂಟೂ ಹಾಕಿಲ್ಲ. ಇದನ್ನು ನೆನೆದಾಗಲೆಲ್ಲ ಬೆಳೆದವರ, ರಾಶಿ ತಿರುವಿದವರ, ಸುತ್ತಿದವರ ಕೈಗೆ ಗೌರವ ಹೆಚ್ಚುತ್ತದೆ.

ಬೂದಿಯನ್ನು ಸಿಗರೇಟಿನ ಹಾಗೆ ಕುಟ್ಟಬೇಡಿ. ಲಾಂಗ್ ಫಿಲ್ಲರಿನ ಬೂದಿ ಒಂದು ಅಂಗುಲ ಗಟ್ಟಿಯಾಗಿ ನಿಲ್ಲುತ್ತದೆ, ಉರಿಯನ್ನು ತಣ್ಣಗಿಡುತ್ತದೆ. ಆಮೇಲೆ ಆಷ್‌ಟ್ರೇ ಅಂಚಿಗೆ ತಾಗಿಸಿದರೆ ತಾನೇ ಬೀಳುತ್ತದೆ. ಒಂದು ಕಡೆ ಉರಿ ಹಿಂದೆ ಬಿದ್ದರೆ ಆ ಕಡೆಗೆ ಮಾತ್ರ ಲೈಟರ್ ಮುಟ್ಟಿಸಿ ಸರಿಮಾಡಿ. ನಂದಿಹೋದರೆ ಬೂದಿ ತೆಗೆದು, ಒಳಗಿನ ಹಳೆ ಹೊಗೆಯನ್ನು ಊದಿ ಹೊರಗೆ ಹಾಕಿ ಮತ್ತೆ ಹಚ್ಚಬಹುದು, ಆದರೆ ನಾಳೆಗೆ ಎತ್ತಿಡಬೇಡಿ. ತಲೆ ಹಗುರಾದ ಹಾಗೆ, ಬಾಯಲ್ಲಿ ನೀರೂರಿದ ಹಾಗೆ ಆದರೆ ಅಲ್ಲಿಗೆ ನಿಲ್ಲಿಸಿ, ಏನಾದರೂ ಸಿಹಿ ತಿಂದು ನೀರು ಕುಡಿಯಿರಿ. ದುಡ್ಡು ಕೊಟ್ಟಿದ್ದೇನೆ ಎಂದು ಕೊನೆವರೆಗೆ ಎಳೆಯುವ ಹಟ ಬೇಡ. ಮುಗಿದದ್ದನ್ನು ಹೊಸಕಬೇಡಿ, ಹಾಗೇ ಬಿಟ್ಟರೆ ತಾನೇ ಆರುತ್ತದೆ, ವಾಸನೆಯೂ ಕಡಿಮೆ.

ಕ್ಯೂಬಾದ ಸಿಗಾರ್, ನಕಲಿ ಸಿಗಾರ್

ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ನೆಲದ ಎಲೆಗೆ ಸಾಟಿಯಿಲ್ಲ ಎಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಅಲ್ಲಿನ ಕಾರ್ಖಾನೆಗಳಲ್ಲಿ ಸುತ್ತುವವರು ಕೆಲಸ ಮಾಡುವಾಗ ಒಬ್ಬರು ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದಿಹೇಳುವ ಪದ್ಧತಿ 1865ರಿಂದ ಇದೆ. ಟ್ಯಾಂಪಾದ ಹಳೆಯ ಕಾರ್ಖಾನೆಗಳಲ್ಲೂ ಓದುಗರಿದ್ದರು. ಆದರೆ ಕ್ಯೂಬಾದ ವ್ಯಾಪಾರಕ್ಕೆ ಅಮೆರಿಕ ಹಾಕಿದ 1962ರ ನಿರ್ಬಂಧದಿಂದ ಇಂದಿಗೂ ಕ್ಯೂಬಾದ ಸಿಗಾರನ್ನು ಅಮೆರಿಕದ ಅಂಗಡಿಯಲ್ಲಿ ಮಾರುವಂತಿಲ್ಲ. ನಡುವೆ ಪ್ರಯಾಣಿಕರಿಗೆ ತರಲು ಇದ್ದ ಅವಕಾಶವೂ 2020ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಇಲ್ಲಿ ಯಾರಾದರೂ ಕಾರಿನ ಡಿಕ್ಕಿ ತೆಗೆದು ಕ್ಯೂಬಾದ ಹೆಸರಾಂತ ಬ್ರ್ಯಾಂಡಿನ “ಅಸಲಿ ಕೊಹಿಬಾ” ತೋರಿಸಿದರೆ ದೂರ ಸರಿಯಿರಿ.

ಬೇರೆ ದೇಶದಲ್ಲಿ ಕೊಳ್ಳುವವರು ಲಾ ಕಾಸಾ ದೆಲ್ ಹಬಾನೊ ಹೆಸರಿನ ಅಧಿಕೃತ ಅಂಗಡಿಗೇ ಹೋಗಿ. ಪೆಟ್ಟಿಗೆಯ ತಳದಲ್ಲಿ ಕ್ಯೂಬಾದಲ್ಲಿ ತಯಾರಾದದ್ದು, ಪೂರಾ ಕೈಯಲ್ಲಿ ಸುತ್ತಿದ್ದು ಎಂಬ ಸ್ಪ್ಯಾನಿಷ್ ಮುದ್ರೆ ಸುಟ್ಟು ಒತ್ತಿರುತ್ತದೆ. ಪಕ್ಕದಲ್ಲಿ ಕಾರ್ಖಾನೆಯ ಗುಟ್ಟಿನ ಸಂಕೇತ, ತುಂಬಿದ ತಿಂಗಳು, ವರ್ಷ ಇರುತ್ತವೆ. ಹಸಿರು ಗ್ಯಾರಂಟಿ ಮುದ್ರೆಯಲ್ಲಿ ಹೊಲೊಗ್ರಾಮ್, ಬಾರ್‌ಕೋಡ್ ಇರಬೇಕು. ಕೊಹಿಬಾ ಬ್ಯಾಂಡಿನ ಬಿಳಿ ಚೌಕದ ಸಾಲು ಅಂಚಿನಲ್ಲಿ ಅರ್ಧಕ್ಕೆ ತುಂಡಾಗಿದ್ದರೆ ಅನುಮಾನಪಡಿ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೊಹಿಬಾ ಸಿಕ್ಕಿದರೆ ಅನುಮಾನವೂ ಬೇಡ, ಅದು ನಕಲಿಯೇ. ಅಂಥ ಪೆಟ್ಟಿಗೆ ಅವರು ಮಾಡಿದ್ದೇ ಇಲ್ಲ. ಹವಾನಾದ ಬೀದಿಯಲ್ಲಿ ಅರ್ಧ ಬೆಲೆಗೆ ಸಿಗುವುದೂ ಹಾಗೇ.

ಇಟ್ಟುಕೊಳ್ಳುವುದು, ಊರಿಗೆ ಒಯ್ಯುವುದು

ಸಿಗಾರಿಗೆ ಬೇಕಾದ್ದು 65ರಿಂದ 70 ಶೇಕಡಾ ತೇವಾಂಶ, 18ರಿಂದ 21 ಡಿಗ್ರಿ ಬಿಸಿ. ಮರದ ಹ್ಯೂಮಿಡಾರ್ ಚಂದ, ಆದರೆ ಒಂದಷ್ಟು ಸಿಗಾರ್ ಇಡಲು ಗಾಳಿಯಾಡದ ಲಾಕ್ ಮುಚ್ಚಳದ ಡಬ್ಬಿಯೇ ಸಾಕು. ಅದರೊಳಗೆ 65 ಎಂದು ಬರೆದ ತೇವಾಂಶದ ಪೊಟ್ಟಣ ಒಂದು, ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದು. ಮೀಟರ್ ಸರಿಯಿದೆಯೇ ನೋಡಲು ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಕೆಸರಾಗುವಷ್ಟು ಮಾತ್ರ ನೀರು ಹಾಕಿ ಕಲಸಿ, ಮೀಟರ್ ಜೊತೆ ಬಿಗಿಯಾದ ಕವರಿನಲ್ಲಿ ಒಂದು ದಿನ ಇಡಿ. 75 ತೋರಿಸಬೇಕು. ಹೆಚ್ಚು ಕಡಿಮೆ ತೋರಿಸಿದರೆ ಆ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಮೈಸೂರು, ಬೆಂಗಳೂರಿನಲ್ಲಿ ಮಳೆಗಾಲದ ತೇವಕ್ಕಿಂತ ಬೇಸಿಗೆಯ ಬಿಸಿಗೆ ಹೆದರಬೇಕು. ಬಿಸಿ 24 ಡಿಗ್ರಿ ದಾಟಿದರೆ ಎಲೆಯೊಳಗಿದ್ದ ದುಂಬಿಯ ಮೊಟ್ಟೆ ಒಡೆಯಬಹುದು. ಮನೆಯಲ್ಲಿ ತಂಪಾದ, ಬಿಸಿಲು ಬೀಳದ ಬೀರು ಹುಡುಕಿ. ಫ್ರಿಜ್ಜಿನಲ್ಲಿಟ್ಟರೆ ಒಣಗುತ್ತದೆ, ನಿನ್ನೆಯ ಸಾರಿನ ವಾಸನೆಯನ್ನೂ ಹೀರುತ್ತದೆ. ನುಸಿಗುಳಿಗೆ, ಊದುಬತ್ತಿ, ಮಸಾಲೆ ಡಬ್ಬಿಯ ಪಕ್ಕವೂ ಬೇಡ. ಸುವಾಸನೆ ಹಾಕಿದ ಸಿಗಾರ್ ಇದ್ದರೆ ಅದಕ್ಕೆ ಬೇರೆ ಡಬ್ಬಿ.

ಭಾರತಕ್ಕೆ ಒಯ್ಯುವವರಿಗೆ ಬ್ಯಾಗೇಜ್ ನಿಯಮದಲ್ಲಿ ಸುಂಕವಿಲ್ಲದೆ 25 ಸಿಗಾರಿಗೆ ಅವಕಾಶ. ಸಿಗರೇಟು 100 ಒಯ್ದರೆ ಸಿಗಾರಿನ ಪಾಲು ಇಲ್ಲ, ಎರಡರಲ್ಲಿ ಒಂದು. ಬಿಲ್ ಜೊತೆಗಿರಲಿ. ಜೆಟ್ ಜ್ವಾಲೆಯ ಟಾರ್ಚ್ ಲೈಟರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ಯಾವ ಹೊಗೆಸೊಪ್ಪಿನ ವಸ್ತುವನ್ನೂ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡವೂ 1,000 ರೂಪಾಯಿವರೆಗೆ ಏರಿದೆ. ವಿಮಾನದ ಒಣ ಗಾಳಿಯಲ್ಲಿ ಎಲೆ ಬಿಗಿದುಕೊಂಡಿರುತ್ತದೆ. ಮನೆ ಮುಟ್ಟಿದ ದಿನವೇ ಹಚ್ಚಬೇಡಿ. ಡಬ್ಬಿಯಲ್ಲಿ ಒಂದು ವಾರ ಬಿಟ್ಟು, ಒತ್ತಿ ನೋಡಿ, ಎದ್ದು ಬಂದರೆ ಆಗ ತೆಗೆಯಿರಿ.